ಒಂದು ಕಾಫಿಗೂ ಸಾಲದ ಹಾಲು

ಆ ಹೆಸರು ಇಟ್ಟವರು ಲೀಲಮ್ಮ. ಕೆಟ್ಟವರೇನಲ್ಲ, ಆದರೆ ಎಲುಬಿಲ್ಲದ ನಾಲಿಗೆ ನೋಡಿ, ಹೇಗೆ ಬೇಕಾದರೂ ಹೊರಳುತ್ತದೆ. ಸೊಸೆ ನಿಶ್ಮಿತಾ ಅಷ್ಟು ಹೊತ್ತು ಪಂಪು ಹಿಡಿದು ಕೂತು ತೆಗೆದಿಟ್ಟ ಎದೆಹಾಲಿನ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, "ಇಷ್ಟೇನಾ? ಅಯ್ಯೋ ದೇವರೇ, ಒಂದು ಕಾಫಿಗೂ ಸಾಲದು!" ಎಂದುಬಿಟ್ಟರು.

ದೆಹಲಿಯ ರೋಹಿಣಿ ಬಡಾವಣೆಯ ಮಾರ್ಕೆಟ್ಟಿನಲ್ಲಿ ಕೆಳಗೆ ಅವರ ಹೋಟೆಲು, ಮೇಲಿನ ಮಹಡಿಯಲ್ಲಿ ಮನೆ. ಉಡುಪಿ ಕಡೆಯಿಂದ ಬಂದು ಮೂರು ದಶಕದಿಂದ ದೋಸೆ ಹುಯ್ಯುತ್ತಿರುವ ಮನೆತನದಲ್ಲಿ ಹಾಲೆಂದರೆ ಕಾಫಿಯ ಲೆಕ್ಕವೇ, ಬೇರೆ ಲೆಕ್ಕ ಯಾರಿಗೂ ಬರುವುದಿಲ್ಲ. ಮಾತು ಮೆಟ್ಟಿಲಿಳಿದು ಅಡುಗೆಮನೆಯಲ್ಲಿ ನಗೆಯಾಯಿತು. ಫೋನು ಹತ್ತಿ ಗ್ರೇಟರ್ ನೋಯ್ಡಾದಲ್ಲಿರುವ ಲೀಲಮ್ಮನ ಅಕ್ಕ ಅಮ್ಮಣ್ಣಿಯ ಮನೆಗೆ ಹೋಯಿತು. ಅಲ್ಲಿಂದ ಊರಿಗೆ ಹೋಗಿ ತಿರುಗಿ ಬರುವಷ್ಟರಲ್ಲಿ "ನಿಶ್ಮಿತಾಗೆ ಹಾಲೇ ಇಲ್ಲವಂತೆ" ಎಂದಾಗಿತ್ತು. ಕೇಳಿ ನಿಶ್ಮಿತಾಳ ಮೈಯೆಲ್ಲ ಉರಿದುಹೋಯಿತು.

ಚೊಚ್ಚಲ ಬಾಣಂತನ ಕಾರ್ಕಳದ ತವರಿನಲ್ಲಿ ಆಗಬೇಕಿತ್ತು. ತಾಯಿಗೆ ಮಂಡಿಯ ಆಪರೇಷನ್ ಆಗಿದ್ದರಿಂದ ಅವಳು ಅತ್ತೆಯ ಕೈಯಲ್ಲೇ ಉಳಿದಳು. ಹಾಗೆ ನೋಡಿದರೆ ಲೀಲಮ್ಮ ಆರೈಕೆಯಲ್ಲಿ ಒಂದು ಎಳ್ಳಷ್ಟೂ ಕಡಿಮೆ ಮಾಡಲಿಲ್ಲ. ಎಣ್ಣೆಸ್ನಾನ, ಮೆಂತೆ ಗಂಜಿ, ಬೆಳ್ಳುಳ್ಳಿ ಚಟ್ನಿ ಎಲ್ಲ ಹೊತ್ತುಹೊತ್ತಿಗೆ ಬಂತು. ಒಂದು ಮಾತನ್ನು ನುಂಗಿಕೊಂಡಿದ್ದರೆ ಸಾಕಿತ್ತು.

ಮಗುವನ್ನು ನೋಡುವ ಡಾಕ್ಟರಮ್ಮ ಆಗಲೇ ಹೇಳಿದ್ದರು: ತೂಕ ಏರುತ್ತಿದೆ, ದಿನವೆಲ್ಲ ಬಟ್ಟೆ ಒದ್ದೆಯಾಗುತ್ತಿದೆ, ಇನ್ನೇನು ಬೇಕು? ಮಗು ಚೀಪಿ ಎಳೆದಷ್ಟು ಪಂಪು ಎಳೆಯುವುದಿಲ್ಲ, ಬಾಟಲಿ ನೋಡಿ ಹೆದರಬೇಡಿ, ಕೇಳಿದಾಗೆಲ್ಲ ಕೊಡಿ. ಇಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ಮನೆಗೆ ಬಂದು ಒಪ್ಪಿಸಿದರೆ ಲೀಲಮ್ಮ ಮೂಗು ಮುರಿದರು. "ಡಾಕ್ಟರಿಗೇನಮ್ಮಾ, ಎರಡು ನಿಮಿಷ ನೋಡಿ ಕಳಿಸ್ತಾರೆ. ಸಂಜೆಯಾದರೆ ಗಳಿಗೆಗೊಂದು ಸಲ ಬಾಯಿ ಬಿಡೋ ಕೂಸಿಗೆ ಹೊಟ್ಟೆ ತುಂಬಿದೆ ಅಂತ ನಾನು ನಂಬಬೇಕಾ?"

ಗಂಡ ದೀಕ್ಷಿತ್ ದೆಹಲಿಯಲ್ಲೇ ಹುಟ್ಟಿ ಬೆಳೆದವನು. ಹೆಂಡತಿಯ ಕಡೆಗೊಂದು ಕಾಲು, ಅಮ್ಮನ ಕಡೆಗೊಂದು ಕಾಲು. "ಯಾರ್, ಮಮ್ಮಿ ಹೇಳೋದೂ ಗಲತ್ ಅಲ್ಲ. ಥೋಡಾ ಕೊಟ್ಟು ನೋಡೋಣ," ಎಂದು ಪುಡಿ ಹಾಲಿನ ಡಬ್ಬಿ ತಂದು ಫ್ರಿಜ್ಜಿನ ಮೇಲಿಟ್ಟ.

"ನೋಡು ದೀಕ್ಷಿತ್, ಬೇಕಾದವರಿಗೆ ಅದು ಬೇಕು. ನನ್ನ ಮಗಳಿಗೆ ಬೇಡ. ಅವಳಿಗೆ ಸಾಲುತ್ತಿಲ್ಲ ಅಂತ ಡಾಕ್ಟರ್ ಹೇಳಲಿ, ನಾನೇ ಕಲಸಿ ಕುಡಿಸ್ತೀನಿ. ನಿಮ್ಮ ಕಾಫಿ ಲೋಟ ಹೇಳಿದರೆ ಕೇಳೋದಿಲ್ಲ."

ಅವಳಿಗೆ ಹೆದರಿಕೆ ಇರಲಿಲ್ಲವೇ? ಇತ್ತು. ಬಾಟಲಿ ಅಭ್ಯಾಸವಾದರೆ ಮಗು ಎದೆಗೆ ಬಾಯಿ ಹಾಕುವುದು ಕಡಿಮೆಯಾಗುತ್ತದೆ, ಅದು ಚೀಪದಿದ್ದರೆ ಹಾಲು ನಿಜಕ್ಕೂ ಇಳಿಯುತ್ತದೆ, ಆಗ ಇವರೆಲ್ಲ ಸೇರಿ "ನಾವು ಹೇಳಲಿಲ್ವಾ?" ಎನ್ನುತ್ತಾರೆ. ಅವಳ ಹೆದರಿಕೆ ಅದು. ಸುಳ್ಳನ್ನು ಹತ್ತು ಬಾಯಿ ಸೇರಿ ನಿಜ ಮಾಡಿಬಿಡುವ ಹೆದರಿಕೆ.

ಇನ್ನು ಮಾವ ಏಕನಾಥ. ಒಳ್ಳೆಯ ಮನುಷ್ಯ, ಆದರೆ ಯಾವ ಜಗಳವನ್ನೂ ತಕ್ಕಡಿಯಲ್ಲಿ ತೀರಿಸುವ ಪೈಕಿ. "ಸುಮ್ಮನೆ ಯಾಕೆ ವಾದ? ಕುಡಿಯೋ ಮುಂಚೆ ತೂಗೋಣ, ಕುಡಿದ ಮೇಲೆ ತೂಗೋಣ. ಚಲೋ!" ಎಂದು ಮಗುವನ್ನು ಟವೆಲ್ಲಿನಲ್ಲಿ ಸುತ್ತಿ ಉಗ್ರಾಣಕ್ಕೆ ಒಯ್ದು, ಆಲೂಗಡ್ಡೆ ತೂಗುವ ತಟ್ಟೆಯ ಮೇಲೆ ಮಲಗಿಸಿಯೇಬಿಟ್ಟರು. ನಿಶ್ಮಿತಾ ಅಲ್ಲೇ ಚೀಲಗಳ ಮಧ್ಯೆ ಕುರ್ಚಿ ಹಾಕಿಸಿಕೊಂಡು, ಬಾಗಿಲು ಮುಚ್ಚಿಸಿ ಹಾಲು ಕುಡಿಸಿದಳು. ಮತ್ತೆ ತೂಗಿದರು. ಮುಳ್ಳು ಇದ್ದಲ್ಲೇ ಇತ್ತು.

"ನೋಡಿದ್ರಾ? ಏನೂ ಹೋಗಿಲ್ಲ ಒಳಗೆ," ಎಂದರು ಲೀಲಮ್ಮ. ಅವರ ಕಣ್ಣಲ್ಲಿ ನೀರಿತ್ತು, ಸುಳ್ಳಲ್ಲ.

ನಿಶ್ಮಿತಾ ಪಕ್ಕದ ಬುಟ್ಟಿಯಿಂದ ಒಂದು ಕಟ್ಟು ಕೊತ್ತಂಬರಿ ಸೊಪ್ಪು ತೆಗೆದು ತಕ್ಕಡಿಯ ಮೇಲೆ ಹಾಕಿದಳು. ಮುಳ್ಳು ಅಲುಗಲಿಲ್ಲ. "ಮಾವ, ಇದಕ್ಕೂ ತೂಕ ಇಲ್ಲವಂತೆ. ನಾಳೆಯಿಂದ ಸೊಪ್ಪಿನ ಭಯ್ಯಾಗೆ ದುಡ್ಡು ಕೊಡಬೇಡಿ," ಎಂದು ಮಗುವನ್ನು ಎತ್ತಿಕೊಂಡು ಮೇಲೆ ಹೋದಳು. ಏಕನಾಥರು ತಕ್ಕಡಿಯನ್ನು ಎರಡು ಸಲ ತಟ್ಟಿ ನೋಡಿದರು. ಆದರೂ ಲೀಲಮ್ಮನ ಮನಸ್ಸು ಗಟ್ಟಿಯಾಗಿಬಿಟ್ಟಿತ್ತು. ತೊಟ್ಟಿಲಿಗೆ ಹಾಕುವ ದಿನ ಮಗುವಿಗೆ ಬಾಟಲಿ ಕೊಡುವುದೇ ಸೈ ಎಂದರು.

ತೊಟ್ಟಿಲ ಶಾಸ್ತ್ರ ಭಾನುವಾರ ಹೋಟೆಲಿನಲ್ಲೇ ಆಯಿತು. ಮಗುವಿಗೆ ಧನ್ಯಾ ಎಂದು ಹೆಸರಿಟ್ಟರು. ಮೇಜುಗಳನ್ನು ಸಾಲಾಗಿ ಜೋಡಿಸಿ, ಆಜಾದ್‌ಪುರ ಮಂಡಿಯಿಂದ ತರಿಸಿದ ಬಾಳೆಲೆ ಹಾಕಿದರು. ಊಟಕ್ಕೆ ಮೊದಲು ನಿಶ್ಮಿತಾ ಮೇಲೆ ಹೋಗಿ ಮಗುವಿಗೆ ಸಾವಕಾಶವಾಗಿ ಹಾಲು ಕುಡಿಸಿ ಬಂದಿದ್ದಳು. ಅದು ತಾನಾಗಿ ಬಾಯಿ ಬಿಟ್ಟು, ಮುಷ್ಟಿ ಸಡಿಲಿಸಿ, ತೇಗಿ, ತಾಯಿಯ ಹೆಗಲ ಮೇಲೆ ಒರಗಿತ್ತು.

ಏಕನಾಥರಿಗೆ ಒಂದು ನೇಮವಿತ್ತು. ಮನೆಯ ಶುಭಕಾರ್ಯದಲ್ಲಿ ಪಾಯಸ ಅವರೇ ಬಡಿಸಬೇಕು. ಅವತ್ತು ಅವರು ಒಂದು ಪಂಕ್ತಿಯಲ್ಲಿ, ಹೋಟೆಲಿನ ಸಪ್ಲಾಯರ್ ಸಂದೀಪ್ ಇನ್ನೊಂದು ಪಂಕ್ತಿಯಲ್ಲಿ ಸೌಟು ಹಿಡಿದು ನಡೆದಿದ್ದರು. ಲೋಧಿ ಕಾಲೋನಿಯಿಂದ ಬಂದಿದ್ದ ಅಶ್ವತ್ಥನಾರಾಯಣ ಹಳೆಯ ಗಿರಾಕಿ, ಕೇಂದ್ರ ಸರ್ಕಾರದ ಕೆಲಸದಲ್ಲಿದ್ದು ನಿವೃತ್ತರಾದವರು. ಊಟ ಮುಗಿಸಿ ಎಲೆ ಮಡಚಿ ಕೂತಿದ್ದರು. ಸಂದೀಪ್ ಉಪಚಾರದ ಭರದಲ್ಲಿ, "ಸ್ವಲ್ಪ ಹಾಕಿಸ್ಕೊಳ್ಳಿ ಸಾರ್," ಎಂದು ಎಲೆ ಬಿಡಿಸಲು ಕೈ ಹಾಕಿದ.

"ಏಯ್!" ಏಕನಾಥರ ಗಂಟಲು ಇಡೀ ಹೋಟೆಲಿಗೆ ಕೇಳಿತು. "ಮಡಚಿದ ಎಲೆಗೆ ಬಡಿಸ್ತಾರೇನೋ? ತಿನ್ನೋರು ಸಾಕು ಅಂದ್ಮೇಲೆ ಸಾಕು. ಅವರ ಹೊಟ್ಟೆ ನಿನಗೆ ಗೊತ್ತಾ, ಅವರಿಗೆ ಗೊತ್ತಾ?"

ಅದೇ ಹೊತ್ತಿಗೆ ಲೀಲಮ್ಮ ಪುಡಿ ಹಾಲಿನ ಬಾಟಲಿ ಹಿಡಿದು ಬಂದರು. ಹಿಂದೆಯೇ ಅಮ್ಮಣ್ಣಿ. "ಕೊಡಮ್ಮಾ ಇಲ್ಲಿ. ಶುಭದಿನ, ಇವತ್ತಾದರೂ ಕೂಸು ಹೊಟ್ಟೆತುಂಬ ಕುಡೀಲಿ," ಎಂದು ಅಮ್ಮಣ್ಣಿ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ನಿಶ್ಮಿತಾ ಬಾಯಿ ತೆರೆಯುವಷ್ಟರಲ್ಲಿ ಮಗು ಅತ್ತೆಯ ತೋಳಿಗೆ ಹೋಗಿತ್ತು. ಲೀಲಮ್ಮ ರಬ್ಬರ್ ತೊಟ್ಟನ್ನು ತುಟಿಗೆ ಮುಟ್ಟಿಸಿದರು. ಮಗು ಮುಖ ಆ ಕಡೆ ತಿರುಗಿಸಿತು. ಈ ಕಡೆಯಿಂದ ತಂದರು. ತುಟಿ ಬಿಗಿಹಿಡಿದು ಮತ್ತೆ ತಿರುಗಿಸಿತು. ಲೀಲಮ್ಮ ಗಲ್ಲ ಒತ್ತಿ ಬಾಯಿ ಬಿಡಿಸಲು ಹೋದರು.

ನಿಶ್ಮಿತಾ ಎದ್ದು ನಿಂತಳು.

"ಅತ್ತೆ, ಎಲೆ ಮಡಚಿ ಆಗಿದೆ."

ಲೀಲಮ್ಮನಿಗೆ ತಲೆಬುಡ ತಿಳಿಯಲಿಲ್ಲ. "ಯಾರ ಎಲೆ?"

"ನಿಮ್ಮ ಮೊಮ್ಮಗಳ ಎಲೆ. ಮುಖ ತಿರುಗಿಸಿದಳಲ್ಲ, ಅದೇ ಮಡಚಿದ್ದು. ಈಗ ತಾನೆ ಮಾವ ಸಂದೀಪನಿಗೆ ಬೈದರು, ಮಡಚಿದ ಎಲೆಗೆ ಬಡಿಸಬಾರದು ಅಂತ. ದುಡ್ಡು ಕೊಟ್ಟು ತಿನ್ನೋ ಗಿರಾಕಿಗೆ ಇರೋ ಮರ್ಯಾದೆ ಮನೆ ಮಗಳಿಗೆ ಇಲ್ವಾ?" ಅವಳು ಮಾವನ ಕಡೆ ತಿರುಗಿದಳು. "ಮಾವ, ನೀವೇ ಹೇಳಿ. ಈ ಹೋಟೆಲಿನಲ್ಲಿ ಯಾರಿಗಾದರೂ ಅನ್ನ ಅಳೆದು ಬಡಿಸಿದ್ದೀರಾ? ತಿಂದವರನ್ನ ಎಬ್ಬಿಸಿ ತಕ್ಕಡಿ ಮೇಲೆ ನಿಲ್ಲಿಸಿದ್ದೀರಾ? ಬೇಕು ಅಂದರೆ ಹಾಕ್ತೀರಿ, ಸಾಕು ಅಂದರೆ ಬಿಡ್ತೀರಿ. ನಾನೂ ಅಷ್ಟೇ ಮಾಡ್ತಿದ್ದೀನಿ. ನನ್ನ ಹೋಟೆಲಿಗೆ ಇರೋಳು ಒಬ್ಬಳೇ ಗಿರಾಕಿ, ಅವಳು ಇವತ್ತಿನವರೆಗೆ ಕಂಪ್ಲೇಂಟ್ ಮಾಡಿಲ್ಲ!"

ಅಶ್ವತ್ಥನಾರಾಯಣರು ಮೊದಲು ನಕ್ಕರು. ಆಮೇಲೆ ಪಂಕ್ತಿಯೇ ನಕ್ಕಿತು. ಏಕನಾಥರು ಪಾಯಸದ ಪಾತ್ರೆ ಕೆಳಗಿಟ್ಟು ಹೆಂಡತಿಯ ಕೈಯಿಂದ ಬಾಟಲಿ ತೆಗೆದುಕೊಂಡರು. ಅದನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ.

"ಒಳಗೆ ಕಳಿಸಿ ಮಾವ," ಎಂದಳು ನಿಶ್ಮಿತಾ. "ಒಂದು ಕಾಫಿಗೆ ಸಾಲುತ್ತೆ."

ದೀಕ್ಷಿತ್ ಮುಂದೆ ಬಂದು ಬಾಟಲಿ ಇಸಿದುಕೊಂಡ. "ಮಮ್ಮಿ, ಬಸ್. ಇನ್ನು ಈ ಮಾತು ಬೇಡ," ಎಂದ. ಇಷ್ಟು ದಿನ ಎಲ್ಲಿಗೆ ಹೋಗಿತ್ತೋ ಆ ಬಾಯಿ!

ಲೀಲಮ್ಮ ಮಾತ್ರ ನಗಲಿಲ್ಲ. ಮಗುವನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದರು. ಅನುಮಾನದಿಂದ ನಿಶ್ಮಿತಾ ಹಿಂದೆಯೇ ಓಡಿದಳು. ಮೇಲೆ ಮಂಚದ ಮೇಲೆ ಕೂತು ಅವರು ಮಗುವಿನ ಮುಖವನ್ನೇ ನೋಡುತ್ತಿದ್ದರು.

"ದೀಕ್ಷಿತ್ ಹುಟ್ಟಿದಾಗ ಹೋಟೆಲು ಹೊಸತು," ಎಂದರು. "ಬಾಣಂತನ ಮುಗಿಯೋ ಮುಂಚೆ ನನ್ನನ್ನ ರುಬ್ಬೋಕೆ ಇಳಿಸಿದ್ರು. ನಿನ್ನ ಹಾಲು ಸಾಲಲ್ಲ, ನೀನು ಕೆಲಸ ನೋಡು ಅಂತ ನನ್ನತ್ತೆ ಬಾಟಲಿ ಇಟ್ಕೊಂಡ್ರು. ನಾನೂ ಹೂಂ ಅಂದೆ. ಸಾಲ್ತಿತ್ತೋ ಇಲ್ವೋ, ಯಾರಿಗೆ ಗೊತ್ತು? ಅವನು ಎಲೆ ಮಡಚೋದನ್ನ ನೋಡೋಕೂ ನನ್ನ ಬಿಡಲಿಲ್ಲ ಕಣೇ."

ನಿಶ್ಮಿತಾಳ ಸಿಟ್ಟಿಗೆ ಒಮ್ಮೆಲೇ ಕಾಲಿಲ್ಲದಂತಾಯಿತು. ಅತ್ತೆಯ ಪಕ್ಕದಲ್ಲಿ ಕೂತಳು. ಕೆಳಗೆ ಎಲೆ ಎತ್ತುತ್ತಿದ್ದರು.

ಸ್ವಲ್ಪ ಹೊತ್ತಿಗೆಲ್ಲ ಮಗು ಕೈ ಬಾಯಿಗೆ ತಂದು ರಾಗ ತೆಗೆಯಿತು. ಆ ಗಳಿಗೆಗೆ ಸರಿಯಾಗಿ ಅಮ್ಮಣ್ಣಿ ಬಾಗಿಲಲ್ಲಿ ಇಣುಕಿದರು. "ನಾನು ಹೇಳಲಿಲ್ವಾ! ಈಗಷ್ಟೇ ಕುಡಿದದ್ದಂತೆ, ಮತ್ತೆ ಅಳ್ತಿದೆ. ಹೊಟ್ಟೆ ತುಂಬಿದ್ದರೆ ಅಳ್ತಿತ್ತಾ?"

ನಿಶ್ಮಿತಾ ತಲೆ ಎತ್ತಿದಳು. ಆದರೆ ಅವಳು ಬಾಯಿ ಬಿಡಬೇಕಾಗಲಿಲ್ಲ.

"ಅಕ್ಕಾ, ಇಷ್ಟು ವರ್ಷ ಹೋಟೆಲಿನವರ ಮನೆಗೆ ಬಂದು ಹೋಗಿ ಇದೂ ಗೊತ್ತಿಲ್ವಾ?" ಎಂದರು ಲೀಲಮ್ಮ. ಮಗುವನ್ನು ಸೊಸೆಯ ಮಡಿಲಿಗೆ ಹಾಕಿ, ಎದ್ದು ಹೋಗಿ ಅಮ್ಮಣ್ಣಿಯನ್ನು ಹೊರಗೆ ದಾಟಿಸಿ ಬಾಗಿಲಿಗೆ ಕೈ ಹಾಕಿದರು.

"ಇದು ಎರಡನೇ ಪಂಕ್ತಿ. ನೀನು ನಿಧಾನವಾಗಿ ಬಡಿಸು ನಿಶ್ಮಿತಾ, ನಾನು ಬಾಗಿಲಲ್ಲಿ ಇದ್ದೀನಿ."