ಸದ್ಯಕ್ಕೆ ನಡೆಯುತ್ತೆ

ಪೈಪಣ್ಣನದು ನಲ್ಲಿ ರಿಪೇರಿಯಲ್ಲಿ ನಲವತ್ತು ವರ್ಷ ಪಳಗಿದ ಕೈ. ಆ ಕೈ ಮುಟ್ಟಿದ ನಲ್ಲಿಗಳಲ್ಲಿ ಅರ್ಧ ಇವತ್ತಿಗೂ ತೊಟ್ಟಿಕ್ಕುತ್ತಿವೆ, ಆ ಮಾತು ಬೇರೆ. ಗೋಡೆಯೊಳಗೆ ಪೈಪು ಪೂರ್ತಿ ತುಕ್ಕು ತಿಂದಿದ್ದರೂ ಮೇಲೊಂದು ತೇಪೆ ಸುತ್ತಿ, ಕಣ್ಣನ್ನು ಸಾಮಾನಿನ ಚೀಲದ ಕಡೆ ತಿರುಗಿಸಿ, "ಸದ್ಯಕ್ಕೆ ನಡೆಯುತ್ತೆ" ಎಂದು ಜಾಗ ಖಾಲಿ ಮಾಡುತ್ತಿದ್ದ. ಸ್ವಂತ ಅಡುಗೆಮನೆಯ ಗೋಡೆಯೇ ಹನ್ನೊಂದು ವರ್ಷದಿಂದ ಒಸರುತ್ತಿತ್ತು. ಹೆಂಡತಿ ಅಲ್ಲೊಂದು ಹಳೇ ಬಟ್ಟೆ ಒತ್ತಿಟ್ಟಿದ್ದಳು.

ಇಂಥವನಿಗೆ ಬೇರೆಯವರ ಕೆಲಸದಲ್ಲಿ ಹುಳುಕು ಹುಡುಕದಿದ್ದರೆ ತಿಂದದ್ದು ಅರಗದು. ನಿಮ್ಮ ಕರುಳಿನ ಕ್ಯಾನ್ಸರ್ ಲಿವರ್‌ಗೆ ಹಬ್ಬಿದೆ, ತೊಡೆ ಸಂದಿಯ ರಕ್ತನಾಳದಿಂದ ಸಣ್ಣ ನಳಿಕೆ ತೂರಿಸಿ ಕೀಮೋ ಔಷಧಿಯನ್ನು ನೇರ ಲಿವರ್‌ಗೇ ಬಿಡುತ್ತೇವೆ ಎಂದು ಡಾಕ್ಟರಮ್ಮ ಹೇಳಿದಾಗಲೂ ಅಷ್ಟೇ.

"ಮಹಡಿ ನಲ್ಲಿ ಕೆಟ್ಟರೆ ಬೀದಿ ಅಗೀತಾರೇನಮ್ಮ?"

"ಸುಮ್ನಿರ್ರೀ," ಎಂದಳು ಹೆಂಡತಿ.

ಮೇಜಿನ ಮೇಲೆ ಮಲಗಿಸಿದ ಮೇಲೂ ಬಾಯಿ ನಿಲ್ಲಲಿಲ್ಲ. ಪರದೆಯ ಮೇಲೆ ತನ್ನದೇ ರಕ್ತನಾಳಗಳನ್ನು ನೋಡುತ್ತ, "ಆ ಪಕ್ಕದ ಕವಲು ಎಲ್ಲಿಗೆ?" ಎಂದ.

"ಹೊಟ್ಟೆಗೆ. ಔಷಧಿ ಅಲ್ಲಿಗೆ ಹೋದ್ರೆ ಹುಣ್ಣಾಗುತ್ತೆ. ಅದಕ್ಕೇ ಮೊದಲು ಅದನ್ನ ಮುಚ್ತಿದ್ದೀನಿ."

ಪಕ್ಕದ ಲೈನು ಮುಚ್ಚಲು ಮರೆತು ಪೈಪಣ್ಣ ಎಷ್ಟು ಮನೆಗಳಲ್ಲಿ ಕೆರೆ ಮಾಡಿದ್ದನೋ! ಇಷ್ಟು ಅಚ್ಚುಕಟ್ಟಿನ ಕೆಲಸಗಾರ್ತಿ ತನ್ನನ್ನು ಉಳಿಸಿಯೇ ಉಳಿಸುತ್ತಾಳೆ ಎಂದು ಅವನಿಗೆ ಧೈರ್ಯ ಬಂತು. ಆಮೇಲೆ ತೊಡೆಯ ಗಾಯದಿಂದ ರಕ್ತ ಸೋರದಿರಲೆಂದು ಆರು ತಾಸು ಕಾಲು ಮಡಚದೆ ಮಲಗಿದ್ದು ಆ ಧೈರ್ಯದಲ್ಲೇ.

ಮೂರು ಸಲ ಹೀಗೆ ಔಷಧಿ ಬಿಟ್ಟ ಮೇಲೆ ಮತ್ತೆ ಸ್ಕ್ಯಾನ್ ಆಯಿತು. ಡಾಕ್ಟರಮ್ಮ ಕಾಗದದಿಂದ ಕಣ್ಣೆತ್ತಲಿಲ್ಲ.

"ಸದ್ಯಕ್ಕೆ ನಡೆಯುತ್ತೆ," ಎಂದರು.

ಹಾವಿನ ಹೆಜ್ಜೆ ಹಾವೇ ಬಲ್ಲದು. ಪೈಪಣ್ಣನಿಗೆ ವಿಷಯ ತಿಳಿದುಹೋಯಿತು. ಹೆಂಡತಿ ಮಾತ್ರ ಕೈಮುಗಿದು, ದಾರಿಯುದ್ದಕ್ಕೂ "ನಡೆಯುತ್ತಂತೆ!" ಎಂದು ಹಿಗ್ಗಿದಳು. ಅವನ ಗಿರಾಕಿಗಳೂ ಹೀಗೇ ಹಿಗ್ಗುತ್ತಿದ್ದರು.

ಮನೆಗೆ ಬಂದವನೇ ಉಳಿ ಸುತ್ತಿಗೆ ತೆಗೆದುಕೊಂಡು ಅಡುಗೆಮನೆ ಗೋಡೆ ಒಡೆಯಲು ಕೂತ.

"ಇವತ್ತೇ ಏನ್ರೀ ಅವಸರ? ಸದ್ಯಕ್ಕೆ ನಡೀತಿತ್ತಲ್ಲ?"

"ನಡೀತಿರ್ಲಿಲ್ಲ ಕಣೇ. ಒಳಗೆ ಪೂರ್ತಿ ಹೋಗಿದೆ. ನಂಗೆ ಮೊದಲೇ ಗೊತ್ತಿತ್ತು."

ಅವಳ ನಗು ಹಾಗೇ ನಿಂತಿತು. ಡಾಕ್ಟರಮ್ಮ ಕಣ್ಣೆತ್ತದೆ ಹೇಳಿದ್ದು ನೆನಪಾಗಿ, ಒದ್ದೆ ಬಟ್ಟೆ ಹಿಡಿದುಕೊಂಡೇ ಅವನ ಪಕ್ಕ ಕೂತಳು.

"ಎಷ್ಟು ದಿನ ಅನ್ಸುತ್ತೆ ನಿಮಗೆ?"

ನಲವತ್ತು ವರ್ಷದಲ್ಲಿ ಯಾರೂ ಅವನನ್ನು ಹೀಗೆ ಕೇಳಿರಲಿಲ್ಲ. ಅಭ್ಯಾಸಬಲದಿಂದ ಕಣ್ಣು ಚೀಲದ ಕಡೆ ಹೋಯಿತು. ಅಲ್ಲಿಂದ ಕಿತ್ತು ಹೆಂಡತಿಯ ಮುಖ ನೋಡಿದ.

"ಬಹಳ ಇಲ್ಲ ಕಣೇ," ಎಂದ.