ಫುಮಿಗೆ ಬೆಟ್ಟ ತೋರಿಸಿದ್ದು

ನಮ್ಮ ಕಡೆ ಎಲೆಗಳ ಕೆಂಪು ಬೆಟ್ಟದ ತುದಿಯಲ್ಲಿ ಹುಟ್ಟಿ, ದಿನಕ್ಕಿಷ್ಟು ಎಂದು ಕೆಳಗಿಳಿಯುತ್ತದೆ. ನನ್ನ ಹೆಂಡತಿ ಫುಮಿ ಎಂದೂ ಅದನ್ನು ಹುಡುಕಿಕೊಂಡು ಮೇಲೆ ಹೋದವಳಲ್ಲ. ಅದೇ ಇಳಿದುಬಂದು ಬುದ್ಧಮಂದಿರದ ಅಂಗಳದ ಮೇಪಲ್ ಮರವನ್ನು ಮುಟ್ಟುವವರೆಗೆ ಕಾಯುತ್ತಿದ್ದಳು. ಈ ವರ್ಷ ಆಸ್ಪತ್ರೆಯಲ್ಲಿ ಮಲಗಿದ್ದವಳು, ಮೇಲೆ ಶುರುವಾಯಿತೇ ಎಂದು ಕೇಳಿದಳು. ಇನ್ನೂ ಇಲ್ಲ, ಆದಾಗ ತೋರಿಸುತ್ತೇನೆ ಎಂದೆ. ಅಷ್ಟರೊಳಗೆ ಹೋಗಿಬಿಟ್ಟಳು.

ತೀರಿಕೊಂಡವರು ನಲವತ್ತೊಂಬತ್ತನೆಯ ದಿನದವರೆಗೆ ಮನೆಯವರ ಹತ್ತಿರವೇ ಇರುತ್ತಾರೆ. ಆಮೇಲೆ ಅಮಿದ ಬುದ್ಧನ ಶುದ್ಧಲೋಕದ ಕಡೆಗೆ ಹೊರಡುತ್ತಾರೆ. ಆ ದಿನ ಬರುವ ಭಾನುವಾರವಿತ್ತು. ಮಂದಿರದ ಮರ ಇನ್ನೂ ಹಸಿರಾಗಿಯೇ ಇತ್ತು. ಮಾತು ಕೊಟ್ಟವನು ನಾನು. ಪೂಜೆಯ ಗೂಡಿನಿಂದ ಅವಳ ಭಾವಚಿತ್ರವನ್ನು ತೆಗೆದು, ನೇರಳೆ ಬಟ್ಟೆಯಲ್ಲಿ ಸುತ್ತಿಕೊಂಡು ಬೆಟ್ಟದ ಬಸ್ಸು ಹತ್ತಿದೆ. ನಾದಿನಿ ಕಿಯೊ ಜೊತೆಗೆ ಬಂದಳು. ಅನ್ನದ ಉಂಡೆಗಳನ್ನು ಕಟ್ಟಿ ತಂದಿದ್ದಳು, ಅಕ್ಕನ ಪಾಲೂ ಸೇರಿ.

ಅರ್ಧ ಬೆಟ್ಟ ಹತ್ತಿದ ಮೇಲೆ ಬಣ್ಣ ಎದುರಾಯಿತು. ಮೊದಲು ಹಳದಿ, ಆಮೇಲೆ ಕಿತ್ತಳೆ, ತಿರುವು ದಾಟಿದರೆ ಇಡೀ ಕಣಿವೆ ಕೆಂಪು. ಬಟ್ಟೆ ಬಿಚ್ಚಿ ಚಿತ್ರವನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ಒಂದೊಂದನ್ನೂ ಫುಮಿಗೆ ಮೆಲ್ಲಗೆ ಹೇಳುತ್ತಾ ಹೋದೆ. ಬದುಕಿದ್ದಾಗ ಅಕ್ಕನ ಹತ್ತಿರ ಇದರಲ್ಲಿ ಅರ್ಧ ಮಾತೂ ಆಡಿದವರಲ್ಲ ನೀವು ಎಂದು ಕಿಯೊ ಹಂಗಿಸಿದಳು. ಆಮೇಲೆ ನನ್ನ ತೊಡೆಯತ್ತ ನೋಡಿ ಉಂಡೆ ತಿನ್ನುವುದನ್ನು ನಿಲ್ಲಿಸಿದಳು.

"ಭಾವ, ನೀವು ಅಕ್ಕನ್ನ ನೋಡ್ತಾ ಇದ್ದೀರಿ. ಅಕ್ಕ ನಿಮ್ಮನ್ನ ನೋಡ್ತಾ ಇದ್ದಾಳೆ. ಎಲೆ ನೋಡೋರು ಯಾರು?"

ಹೌದು. ಮನೆಯಲ್ಲಿ ದಿನವೂ ದೀಪ ಹಚ್ಚಿ ಅವಳ ಮುಖದೆದುರು ಕೂತು ಅಭ್ಯಾಸ. ಇಲ್ಲಿಯೂ ಹಾಗೆಯೇ ನನ್ನ ಕಡೆಗೇ ತಿರುಗಿಸಿ ಇಟ್ಟುಕೊಂಡಿದ್ದೆ. ಕಿಟಕಿಗೆ ಅವಳ ಬೆನ್ನಿತ್ತು.

"ತಿರುಗಿಸಿದ್ರೆ ನನಗೆ ಅವಳ ಮುಖ ಕಾಣಲ್ಲ ಕಣೆ," ಎಂದೆ.

"ಕಾಣಲ್ಲ," ಎಂದಳು ಕಿಯೊ. "ಆದರೂ ತಿರುಗಿಸಿ."

ಅಮಿದನ ಹೆಸರು ಹೇಳಿಕೊಂಡು ತಿರುಗಿಸಿದೆ. ನನ್ನ ಪಾಲಿಗೆ ಚೌಕಟ್ಟಿನ ಹಿಂದಿನ ಕಪ್ಪು ಹಲಗೆ ಉಳಿಯಿತು. ಗಾಜಿಗೆ ಒತ್ತಿ ಹಿಡಿದುಕೊಂಡೆ. ಆ ಹಲಗೆಯ ಅಂಚಿನಾಚೆ ಬೆಟ್ಟ ಉರಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಕೈ ಬದಲಿಸಿಕೊಂಡೆ. ತಾನು ಹಿಡಿಯುತ್ತೇನೆಂದು ಕಿಯೊ ಕೇಳಿದಳು, ಕೊಡಲಿಲ್ಲ. ಬಸ್ಸು ಮರಳಿ ಕೆಳಗಿಳಿದು ಹಸಿರು ಬರುವವರೆಗೂ ಫುಮಿಯ ಮುಖ ನಾನು ನೋಡಲಿಲ್ಲ.