ಏಳುನೂರ ಇಪ್ಪತ್ತು ಗ್ರಾಂ

ಆ ವಾರವಿಡೀ ತಕ್ಕಡಿಯಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ನಡುಮನೆಯಲ್ಲಿ ಹಳೆಯ ಬೆಡ್‌ಶೀಟು ಹಾಸಿ, ಬೆಟ್ಟಕ್ಕೆ ಒಯ್ಯುವ ಸಾಮಾನನ್ನೆಲ್ಲ ಅದರ ಮೇಲೆ ಹರವಿದ್ದಳು. ಬೆಳಿಗ್ಗೆ ಎದ್ದು ಬ್ಯಾಗಿಗೆ ತುಂಬುವುದು, ಸಂಜೆ ಕೆಲಸದಿಂದ ಬಂದವಳೇ ಚಪ್ಪಲಿ ಬಿಡುವ ಮೊದಲೇ ಎಲ್ಲವನ್ನೂ ಸುರಿಯುವುದು. ಗಡಿಯಾರ ರಿಪೇರಿಯ ಗಂಡ ಊಟದ ತಟ್ಟೆ ಹಿಡಿದು ಗೋಡೆಯಂಚಿನಲ್ಲೇ ಓಡಾಡುವುದನ್ನು ಕಲಿತಿದ್ದ.

ತಕ್ಕಡಿಯಮ್ಮ ಅನ್ನುವುದು ಹೆತ್ತವರು ಇಟ್ಟ ಹೆಸರೇನಲ್ಲ. ಇಪ್ಪತ್ತಾರು ವರ್ಷ ಪಾರ್ಸಲ್ ಆಫೀಸಿನ ಕೌಂಟರಿನಲ್ಲಿ ಕೂತು ಊರವರ ಗಂಟುಮೂಟೆ ತೂಗಿದ್ದಕ್ಕೆ ಸಿಕ್ಕಿದ್ದು. ಕೈಯಲ್ಲಿ ಎತ್ತಿ ಹಿಡಿದು "ಎರಡು ಕೆಜಿ ಮುನ್ನೂರು" ಅಂದಳೆಂದರೆ ಯಂತ್ರವೂ ಅಷ್ಟೇ ಹೇಳಬೇಕು. ಬೇರೆ ಹೇಳಿದರೆ ಜೊತೆಯವರು ಯಂತ್ರವನ್ನು ರಿಪೇರಿಗೆ ಕಳಿಸುತ್ತಿದ್ದರು. ಅವಳಿಗೂ ಆ ಬಗ್ಗೆ ಸ್ವಲ್ಪ ಜಂಬವಿತ್ತು, ಸುಳ್ಳು ಯಾಕೆ ಹೇಳಬೇಕು.

ಆ ಜಂಬವೇ ಮೂರು ವರ್ಷದ ಹಿಂದೆ ಅವಳಿಗೆ ಮುಳುವಾಯಿತು. ಅವಳಿಗಿಂತ ಒಂಬತ್ತು ವರ್ಷ ಚಿಕ್ಕವಳು ತಂಗಿ ಪುಟ್ಟಿ, ಶಾಲೆಯಲ್ಲಿ ಆಟೋಟದ ಮೇಡಂ. ಇಬ್ಬರೂ ಟೆಂಟು ಹಂಚಿಕೊಂಡು ಬೆಟ್ಟಕ್ಕೆ ಹೋಗಿದ್ದರು. ಟೆಂಟಿನ ಒಳಪದರ, ಕೋಲುಗಳು ತಂಗಿಯ ಪಾಲು. ಮಳೆ ತಡೆಯುವ ಮೇಲ್ಹೊದಿಕೆ ಅಕ್ಕನ ಪಾಲು. ಹೊರಡುವ ದಿನ ಆಕಾಶ ಶುಭ್ರವಾಗಿತ್ತು, ಮಳೆಯಿಲ್ಲ ಅಂತ ರೇಡಿಯೋ ಕೂಡ ಹೇಳಿತು. ಅಕ್ಕ ಮೇಲ್ಹೊದಿಕೆಯನ್ನು ಮಂಚದ ಮೇಲೆ ಬಿಟ್ಟಳು. ಹೋಗಲಿ, ಬಾಯಿ ಮುಚ್ಚಿಕೊಂಡಾದರೂ ಇದ್ದಳೇ? ಮೊದಲ ಏರಿನಲ್ಲಿ ಕೂತಾಗ, "ಏಳುನೂರ ಇಪ್ಪತ್ತು ಗ್ರಾಂ ಉಳಿಸಿದೆ ನೋಡು" ಅಂತ ಬೀಗಿದಳು.

ಮಳೆಗೆ ರೇಡಿಯೋ ಕೇಳುವ ಅಭ್ಯಾಸವಿಲ್ಲ. ಎರಡನೆಯ ಸಂಜೆ ಹಿಡಿದದ್ದು ಬೆಳಗಿನ ತನಕ ಬಿಡಲಿಲ್ಲ. ಪುಟ್ಟಿಗೆ ನ್ಯುಮೋನಿಯಾ ಆಯಿತು, ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಳು. ಅಷ್ಟು ದಿನವೂ ಅಕ್ಕ ಹಾಸಿಗೆಯ ಪಕ್ಕದ ಸ್ಟೂಲಿನಿಂದ ಕದಲಲಿಲ್ಲ. ಪುಟ್ಟಿ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆಮೇಲೂ ಮನೆಗೆ ಬಂದಳು, ಉಂಡಳು, ಭಾವನ ಜೊತೆ ನಕ್ಕಳು. ಬೆಟ್ಟದ ಮಾತು ಮಾತ್ರ ಎತ್ತಲಿಲ್ಲ. ವರ್ಷ ವರ್ಷ ಬೇರೆಯವರ ಜೊತೆ ಹೋಗಿಬಂದಳು. ಅದರ ಫೋಟೋಗಳನ್ನು ಅಕ್ಕ ಬೇರೆಯವರ ಮೊಬೈಲಿನಲ್ಲಿ ನೋಡಿದಳು.

ಹೋದ ತಿಂಗಳು ಇದ್ದಕ್ಕಿದ್ದ ಹಾಗೆ ಫೋನು ಬಂತು.

"ಅಕ್ಕ, ಐದು ದಿನದ ನಡಿಗೆ ಇದೆ. ಬರ್ತೀಯಾ?"

ತಕ್ಕಡಿಯಮ್ಮ ಕೂತಲ್ಲಿಂದ ಎದ್ದು ನಿಂತಳು. "ಹೂಂ" ಅಂದಳು.

"ನಿನ್ನ ಮಂಡಿ ನೆನಪಿಟ್ಕೋ. ಬ್ಯಾಗು ಎಂಟು ಕೆಜಿ. ಬಸ್‌ ಸ್ಟ್ಯಾಂಡಲ್ಲೇ ತೂಗ್ತೀನಿ, ಜಾಸ್ತಿ ಇದ್ರೆ ಹತ್ತಿಸಲ್ಲ. ಮತ್ತೆ ಟೆಂಟಿನ ಯೋಚನೆ ನಿನಗೆ ಬೇಡ. ಪೂರ್ತಿ ನಾನೇ ಹೊರ್ತೀನಿ."

ಕೊನೆಯ ಮಾತು ಅವಳಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಈ ಸಲ ತಪ್ಪಿದರೆ ತಂಗಿ ಮತ್ತೆ ಕರೆಯುವುದಿಲ್ಲ ಅನ್ನುವುದು ಅವಳಿಗೆ ಖಾತ್ರಿಯಾಗಿತ್ತು. ಅಲ್ಲಿಂದ ಶುರುವಾಯಿತು ನೋಡಿ ಈ ಪರದಾಟ. ಭಾರವಾಗಬಾರದು, ಆದರೆ ಮಳೆಗೂ ಚಳಿಗೂ ಜಗ್ಗಬಾರದು. ಒಂದು ಬೇಕೆಂದರೆ ಇನ್ನೊಂದು ಕೈಕೊಡುತ್ತಿತ್ತು. ಹಕ್ಕಿಪುಕ್ಕ ತುಂಬಿದ ಮಲಗುವ ಚೀಲ ಕೈಗೆ ಹತ್ತಿಯಷ್ಟು ಹಗುರ, ಆದರೆ ನೆನೆದರೆ ಒದ್ದೆ ಗೋಣಿಗೂ ಕಡೆ. ಪಾಲಿಯೆಸ್ಟರ್ ತುಂಬಿದ್ದು ನೆನೆದರೂ ಬೆಚ್ಚಗಿರುತ್ತದೆ, ಆದರೆ ನಾನೂರು ಗ್ರಾಂ ಜಾಸ್ತಿ. ಮೂರು ಸಲ ಅಂಗಡಿಗೆ ಹೋಗಿ ಮೂರು ಸಲವೂ ಬದಲಾಯಿಸಿಕೊಂಡು ಬಂದಳು.

"ಅಮ್ಮ, ಇದನ್ನ ಮಲಗೋಕೆ ತಗೊಳ್ತಿದ್ದೀರೋ, ತೂಗೋಕೆ ತಗೊಳ್ತಿದ್ದೀರೋ?" ಅಂಗಡಿಯವನು ಕೇಳಿಯೇಬಿಟ್ಟ.

ಪಾಲಿಯೆಸ್ಟರೇ ಉಳಿಯಿತು. ಆ ನಾನೂರು ಗ್ರಾಂ ಬೇರೆ ಕಡೆಯಿಂದ ಕೀಳಬೇಕಲ್ಲ? ಹಲ್ಲುಜ್ಜುವ ಬ್ರಷ್ಷಿನ ಹಿಡಿಕೆ ಅರ್ಧ ಹೋಯಿತು. ಟವೆಲು ಕರವಸ್ತ್ರದಷ್ಟಾಯಿತು. ಬಟ್ಟೆಯ ಕತ್ತಿನ ಲೇಬಲ್ಲುಗಳೆಲ್ಲ ಕತ್ತರಿಗೆ ಸಿಕ್ಕವು. ನೆನೆದರೆ ಒಣಗದ ಜೀನ್ಸ್ ಬೀರುವಿಗೆ ವಾಪಸ್ಸಾಯಿತು, ತೆಳು ಪ್ಯಾಂಟು ಬಂತು. ಒಂದು ಸಂಜೆ ರೇನ್‌ಕೋಟು ತೊಟ್ಟು ಬಚ್ಚಲಿನ ಶವರ್ ಕೆಳಗೆ ಹದಿನೈದು ನಿಮಿಷ ನಿಂತಳು. ಗಂಡ ಹೊರಗೆ ಗಡಿಯಾರ ನೋಡುತ್ತಿದ್ದ.

"ಬಟ್ಟೆ ಬಿಚ್ಚಿ ಸ್ನಾನ ಮಾಡೋರನ್ನ ಕಂಡಿದ್ದೆ. ಹಾಕ್ಕೊಂಡು ಮಾಡೋರನ್ನ ಇವತ್ತೇ ನೋಡಿದ್ದು" ಅಂದ.

"ಸುಮ್ನಿರಿ. ಎಡಭುಜದ ಹೊಲಿಗೆ ಸೋರ್ತಾ ಇದೆ."

ಹೊಲಿಗೆಗೆ ಒಳಗಿನಿಂದ ಟೇಪು ಅಂಟಿಸಿ ಮತ್ತೆ ಹದಿನೈದು ನಿಮಿಷ ನಿಂತಳು. ಈ ಸಲ ಸೋರಲಿಲ್ಲ. ಅವಳ ತಳಮಳ ಮಾತ್ರ ನಿಲ್ಲಲಿಲ್ಲ. ಪುಟ್ಟಿಯ ರೇನ್‌ಕೋಟು ಸೋರಿದರೆ? ಪುಟ್ಟಿಯ ಸಾಕ್ಸು ನೆನೆದರೆ? ಕಣ್ಣು ಮುಚ್ಚಿದರೆ ಆಸ್ಪತ್ರೆಯ ಆ ಕೆಮ್ಮೇ ಕಿವಿಗೆ ಬೀಳುತ್ತಿತ್ತು. ಮಾರನೆಯ ದಿನವೇ ತಂಗಿಯ ಅಳತೆಯ ಇನ್ನೊಂದು ರೇನ್‌ಕೋಟು, ಉಣ್ಣೆಯ ಒಳಉಡುಪು, ಮೂರು ಜೊತೆ ಸಾಕ್ಸು, ದಪ್ಪ ಸ್ವೆಟರು, ನೆಲಕ್ಕೆ ಹಾಸುವ ಪ್ಲಾಸ್ಟಿಕ್ ಹಾಳೆ ತಂದಳು. ಎಲ್ಲವನ್ನೂ ಒಂದೇ ಗಂಟು ಕಟ್ಟಿ ಬ್ಯಾಗಿನ ತಳಕ್ಕೆ ತುರುಕಿದಳು. ಎರಡು ಕೆಜಿ ನೂರು. ಅಷ್ಟಕ್ಕೆ ಜಾಗವಾಗಬೇಕೆಂದರೆ ಏನಾದರೂ ಇಳಿಯಲೇಬೇಕಿತ್ತು. ಎಲ್ಲ ಮುಟ್ಟಿ ಮುಟ್ಟಿ ನೋಡಿ, ಕೊನೆಗೆ ತನ್ನ ದಪ್ಪ ಜಾಕೆಟ್ಟನ್ನು ತೆಗೆದು ಗೋಡೆಯ ಮೊಳೆಗೆ ನೇತುಹಾಕಿದಳು. ಈ ವಯಸ್ಸಿನಲ್ಲಿ ನನಗೆ ಹೇಗೂ ಸೆಕೆಯೇ ಜಾಸ್ತಿ ಅಂತ ತನಗೆ ತಾನೇ ಹೇಳಿಕೊಂಡಳು.

ಹೊರಡುವ ಹಿಂದಿನ ದಿನ ಊಟದ ಬಿಡುವಿನಲ್ಲಿ ಬ್ಯಾಗನ್ನು ಆಫೀಸಿನ ಯಂತ್ರದ ಮೇಲೆ ತೂಗಿದಳು. ಖಾಲಿ ಬ್ಯಾಗು ಇಟ್ಟಳು, ಗುಂಡಿ ಒತ್ತಿದಳು, ಒಂದೊಂದೇ ಸಾಮಾನು ತುಂಬಿದಳು. ಏಳು ಕೆಜಿ ಎಂಟುನೂರ ಐವತ್ತು. ಅಬ್ಬ, ಹೋದ ಜೀವ ಬಂದ ಹಾಗಾಯಿತು. ಬೆನ್ನಿಗೇರಿಸಿದಾಗ ಏನೋ ಭಾರ ಅನ್ನಿಸಿತು, ನಿಜ. ಅವಳಿಗೆ ತೂಕ ಗೊತ್ತಿದ್ದದ್ದು ಕೈಗೆ, ಬೆನ್ನಿಗಲ್ಲ. ವಯಸ್ಸಾಯಿತಲ್ಲ ಅಂದುಕೊಂಡು ಸುಮ್ಮನಾದಳು.

ಬೆಳಿಗ್ಗೆ ಆರಕ್ಕೆಲ್ಲ ಬಸ್‌ ಸ್ಟ್ಯಾಂಡಿನಲ್ಲಿದ್ದಳು, ಆರೂವರೆ ಬಸ್ಸಿಗೆ. ಪುಟ್ಟಿ ಆಗಲೇ ಬಂದಿದ್ದಳು. ಅಕ್ಕನ ಮುಖ ನೋಡುವ ಮೊದಲೇ ಜೇಬಿನಿಂದ ಕೊಕ್ಕೆಯ ಕೈತಕ್ಕಡಿ ತೆಗೆದು ಬ್ಯಾಗಿಗೆ ಸಿಕ್ಕಿಸಿ ಎತ್ತಿದಳು.

"ಒಂಬತ್ತು ಐನೂರ ಐವತ್ತು."

ತಕ್ಕಡಿಯಮ್ಮ ಬಗ್ಗಿ ಅಂಕಿಯನ್ನು ತಾನೇ ಓದಿದಳು. "ಸಾಧ್ಯವೇ ಇಲ್ಲ. ನಿನ್ನೆ ಆಫೀಸಲ್ಲಿ ನಾನೇ ತೂಗಿದ್ದೀನಿ. ಏಳು ಎಂಟುನೂರ ಐವತ್ತು."

"ಹೇಗೆ ತೂಗಿದೆ?"

"ಹೇಗೆ ಅಂದ್ರೆ? ದಿನಾ ತೂಗೋ ಹಾಗೆ. ಖಾಲಿ ಬ್ಯಾಗು ಇಟ್ಟು, ಸೊನ್ನೆ ಮಾಡಿ..." ಅಲ್ಲಿಗೆ ನಾಲಿಗೆ ಕಚ್ಚಿಕೊಂಡಳು. ಸಾಮಾನು ತುಂಬುವ ಬುಟ್ಟಿಯ ತೂಕ ಕಳೆದು ತೂಗುವುದು ಪಾರ್ಸಲ್ ಆಫೀಸಿನ ರೂಢಿ. ಇಪ್ಪತ್ತಾರು ವರ್ಷದಿಂದ ಕಳೆದೂ ಕಳೆದೂ ಬೆರಳು ತಾನಾಗಿಯೇ ಗುಂಡಿ ಒತ್ತಿತ್ತು.

ಪುಟ್ಟಿ ಒಂದು ಗಳಿಗೆ ಅಕ್ಕನನ್ನೇ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಮತ್ತೆ ಬ್ಯಾಗನ್ನ ಯಾರು ಹೊರ್ತಾರೆ ತಕ್ಕಡಿಯಮ್ಮ? ನಿಮ್ಮ ಆಫೀಸಿನವರಾ?"

ಮೂರು ವರ್ಷದಿಂದ ತಂಗಿ ಅವಳ ಜೊತೆ ಹೀಗೆ ನಕ್ಕಿರಲಿಲ್ಲ. ಅಕ್ಕನಿಗೆ ಅಲ್ಲೇ ಕಣ್ಣು ತುಂಬಿ ಬಂತು. ಆದರೆ ಪುಟ್ಟಿ ನಗುತ್ತಲೇ ಬ್ಯಾಗಿನ ಜಿಪ್ಪು ಎಳೆದು, ಇಳಿಸಬಹುದಾದ್ದೇನಿದೆ ಎಂದು ತಳದ ತನಕ ಕೈಹಾಕಿದ್ದಳು. ಗಂಟು ಬಿಚ್ಚಿತು. ತನ್ನ ಅಳತೆಯ ರೇನ್‌ಕೋಟು, ತನ್ನ ಅಳತೆಯ ಸ್ವೆಟರು, ತನ್ನ ಪಾದದ ಸಾಕ್ಸು. ಅವಳ ನಗು ನಿಂತಿತು.

"ಇದೆಲ್ಲ ನನ್ನ ಬ್ಯಾಗಲ್ಲಿ ಇದೆಯಲ್ಲ?"

"ಇರ್ಲಿ ಅಂತ."

"ನಿನ್ನ ಜಾಕೆಟ್ ಎಲ್ಲಿ?"

ತಕ್ಕಡಿಯಮ್ಮ ಬಸ್ಸು ನೋಡಿದಳು, ನೆಲ ನೋಡಿದಳು.

"ಅಕ್ಕ, ಜಾಕೆಟ್ ಎಲ್ಲಿ ಅಂದೆ."

"ಮನೇಲಿದೆ. ಎಂಟು ಕೆಜಿ ಅಂದಿದ್ದೆಯಲ್ಲ."

ಪುಟ್ಟಿಯ ಮುಖ ಕೆಂಪಾಯಿತು. "ಅವತ್ತು ಹೊದಿಕೆ ಬಿಟ್ಟು ಬಂದೆ. ಇವತ್ತು ನಿನ್ನನ್ನೇ ಬಿಟ್ಟು ಬಂದಿದ್ದೀಯ. ಅಷ್ಟು ಎತ್ತರದಲ್ಲಿ ನೀನು ನಡುಗ್ತಾ ಕೂತ್ರೆ ನಾನೇನು ಮಾಡ್ಲಿ ಹೇಳು. ಆಸ್ಪತ್ರೆ ಸ್ಟೂಲಿನ ಮೇಲೆ ಕೂರೋ ಸರದಿ ಈ ಸಲ ನನ್ನದಾ?"

ಮೂರು ವರ್ಷ ತಡೆದ ಬೈಗುಳ ಕೊನೆಗೂ ಬಂದಿತ್ತು. ಅದಕ್ಕಾಗಿ ಅಕ್ಕ ಎಷ್ಟು ಕಾದಿದ್ದಳೋ, ಈಗ ಕೇಳಿ ಅಷ್ಟೇ ನೊಂದಳು.

"ನನಗೆ ಭಯ ಪುಟ್ಟಿ" ಅಂದಳು. "ಮೋಡ ನೋಡಿದ್ರೂ ಭಯ ಆಗುತ್ತೆ."

"ನನಗೂ ಭಯಾನೇ. ಅದಕ್ಕೇ ಮೂರು ವರ್ಷ ಕರೀಲಿಲ್ಲ." ಪುಟ್ಟಿ ಗಂಟನ್ನು ಅಕ್ಕನ ಕೈಗೆ ತುರುಕಿದಳು. "ಓಡು. ಇದನ್ನ ಬಿಟ್ಟು ಜಾಕೆಟ್ ತಗೊಂಡು ಬಾ. ಇಪ್ಪತ್ತು ನಿಮಿಷ ಇದೆ."

ಮಂಡಿನೋವೆಲ್ಲ ಗಾಳಿಗೆ ಹೋಯಿತು, ಓಡಿದಳು. ಹಾಲಿನ ಅಂಗಡಿ ದಾಟಿ ತಿರುಗುವಷ್ಟರಲ್ಲಿ ಗಂಡ ಎದುರಾದ. ಮೊಳೆಯ ಮೇಲಿದ್ದ ಜಾಕೆಟ್ಟು ಅವನ ಹೆಗಲ ಮೇಲಿತ್ತು.

"ಎದ್ದು ನೋಡಿದ್ರೆ ನೇತಾಡ್ತಾ ಇತ್ತು" ಅಂದ ಏದುಸಿರಿನಲ್ಲಿ. "ಮರೆತೆ ಅಂದ್ಕೊಂಡೆ."

ಗಂಟು ಅವನ ಕೈಗೆ ಬಂತು, ಜಾಕೆಟ್ಟು ಇವಳ ಕೈಗೆ. ಏನು ಎತ್ತ ಅಂತ ಕೇಳಲು ಅವನು ಬಾಯಿ ತೆರೆಯುವಷ್ಟರಲ್ಲಿ ಇವಳು ವಾಪಸ್ ಓಡಿಯಾಗಿತ್ತು.

ಬಸ್ಸಿನ ಎಂಜಿನ್ ಶುರುವಾಗಿತ್ತು. ಪುಟ್ಟಿ ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ನೆಲದ ಮೇಲೆ ಊರಿ ಬಾಗಿಲಿಗೆ ಅಡ್ಡ ನಿಂತಿದ್ದಳು. ಕಂಡಕ್ಟರ್ ಗೊಣಗುತ್ತಿದ್ದ. ಅವಳು ಕದಲಲಿಲ್ಲ. ಜಾಕೆಟ್ಟು ಬ್ಯಾಗಿಗೆ ಸೇರಿದ ಮೇಲೆ ಮತ್ತೆ ಕೊಕ್ಕೆ ಸಿಕ್ಕಿಸಿ ಎತ್ತಿದಳು.

"ಏಳು ಒಂಬೈನೂರು. ಬಸ್ ಹತ್ತು."

ಇಬ್ಬರೂ ಕೊನೆಯ ಸೀಟಿನಲ್ಲಿ ಕೂತರು, ಬಸ್ಸು ಹೊರಟಿತು. ಊರಿನ ಕೊನೆಯ ಪೆಟ್ರೋಲ್ ಬಂಕು ಹಿಂದೆ ಬಿತ್ತು. ಆಮೇಲೆ ಪುಟ್ಟಿ ತನ್ನ ಬ್ಯಾಗು ತೆರೆದಳು, ಒಳಗಿನಿಂದ ಸುತ್ತಿ ಕಟ್ಟಿದ ಹಸಿರು ಬಟ್ಟೆಯೊಂದನ್ನು ಎಳೆದು ಅಕ್ಕನ ತೊಡೆಯ ಮೇಲಿಟ್ಟಳು. ಟೆಂಟಿನ ಮೇಲ್ಹೊದಿಕೆ.

"ಇದು ನಿನ್ನ ಬ್ಯಾಗಲ್ಲಿರ್ಲಿ."

ತಕ್ಕಡಿಯಮ್ಮ ಅದನ್ನು ಎರಡು ಕೈಯಲ್ಲಿ ಎತ್ತಿದಳು. ಅವಳ ಕೈಗೆ ಆ ತೂಕ ಗೊತ್ತಿತ್ತು. ಹೇಳಲಿಲ್ಲ.

"ಎಂಟು ಕೆಜಿ ದಾಟುತ್ತಲ್ಲ, ಪುಟ್ಟಿ."

"ದಾಟ್ಲಿ" ಅಂದಳು ತಂಗಿ, ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು.

ಅಕ್ಕ ಬ್ಯಾಗು ಬಿಚ್ಚಿ, ಮಳೆ ಬಂದರೆ ಮೊದಲು ಕೈಗೆ ಸಿಗುವ ಹಾಗೆ, ಹೊದಿಕೆಯನ್ನು ಎಲ್ಲಕ್ಕಿಂತ ಮೇಲೆ ಇಟ್ಟಳು. ಜಿಪ್ಪು ಎಳೆದಳು. ಆಮೇಲೆ ಅದು ಅಲ್ಲೇ ಇದೆಯೋ ಇಲ್ಲವೋ ಅಂತ ಇನ್ನೊಂದು ಸಲ ತೆಗೆದು ನೋಡಿದಳು.